ಇದು ಗಾಂಜಾ ಮರ ಅಲ್ಲ: ಕಾಸಿಮೇಡಿನ ಒಂದು ಪುಟ್ಟ ಹ್ಯಾಕ್‌ಬೆರಿಯ ಗುರುತು

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹರೂಪ. ಓದಲು ಸುಲಭವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)

ಚೆನ್ನೈ, ಪುಣೆ, ಹೈದರಾಬಾದ್, ಡಲ್ಲಾಸ್, ಎಲ್ಲಿ ಕೂತು ಕೇಳ್ತಿದ್ದರೂ ಸರಿ, ಇವತ್ತು ನಿಮ್ಮ ಹತ್ತಿರ ಒಂದು ಎಲೆ ಇದ್ದರೆ ಒಳ್ಳೇದು. ಮನೆ ಹೊರಗೆ ಯಾವುದಾದರೂ ಮರದ್ದು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಇವತ್ತಿನ ವಿಷಯ ಒಂದು ಸಣ್ಣ ಮರ. ಅದು ಯಾವುದು, ಅದನ್ನ ಗುರುತಿಸೋದು ಹೇಗೆ, ಸಸ್ಯಶಾಸ್ತ್ರದವರು ಅದನ್ನ ಯಾವ ಕುಟುಂಬಕ್ಕೆ ಸೇರಿಸ್ತಾರೆ, ಇಷ್ಟೇ ಪ್ರಶ್ನೆ. ಕೇಳೋಕೆ ಕಾಲೇಜಿನ ಪರೀಕ್ಷೆ ತರಹ ಇದೆ. ಆದರೆ ನಮ್ಮ ಬೀದಿಯಲ್ಲಿ ಈ ಪ್ರಶ್ನೆಗೆ ತಪ್ಪು ಉತ್ತರ ಬಂದಿದ್ದರಿಂದ ಆ ಮರಕ್ಕೆ ಕೊಡಲಿ ಬೀಳೋದರಲ್ಲಿತ್ತು.

ನಾನಿರೋದು ಉತ್ತರ ಚೆನ್ನೈನ ಕಾಸಿಮೇಡಿನಲ್ಲಿ. ಆಫೀಸು ಓಎಂಆರ್‌ನಲ್ಲಿ. ಹೆಂಡತಿಯ ಕೆಲಸ ರಾಯಪುರಂ ಕಡೆ, ಹಾಗಾಗಿ ಮನೆ ಈ ಕಡೆ ಮಾಡಿದ್ವಿ. ಕಾಸಿಮೇಡು ಅಂದರೆ ಚೆನ್ನೈನವರಿಗೆ ಮೀನು ಬಂದರು. ಬೆಳಕು ಹರಿಯೋಕೆ ಮುಂಚೆ ಹರಾಜು ಶುರು, ಭಾನುವಾರ ಕಾಲಿಡೋಕೆ ಜಾಗ ಇರಲ್ಲ. ನಮ್ಮ ಕಟ್ಟಡದ ಹಿಂದುಗಡೆ ಕಾಂಪೌಂಡ್ ಗೋಡೆಗೂ ಪಕ್ಕದ ಐಸ್ ಗೋಡೌನಿಗೂ ನಡುವೆ ಒಂದು ಸಂದಿ. ಅಲ್ಲಿ ಯಾರೂ ನೆಡದ ಒಂದು ಮರ. ಒಂದು ಮಹಡಿಗಿಂತ ಸ್ವಲ್ಪ ಎತ್ತರ, ತೆಳ್ಳಗಿನ ಕೊಂಬೆಗಳು ಇಳಿಬಿದ್ದಿವೆ. ಹರಾಜು ಮುಗಿದ ಮೇಲೆ ಮೀನು ಕತ್ತರಿಸಿ ಕೊಡೋ ಮೂರು ನಾಲ್ಕು ಜನ ಹೆಂಗಸರು ಅದರ ನೆರಳಲ್ಲಿ ಕೂರ್ತಾರೆ. ಈ ಬೀದಿಯಲ್ಲಿ ಹನ್ನೊಂದು ಗಂಟೆ ಬಿಸಿಲಿಗೆ ಇರೋ ನೆರಳು ಅದೊಂದೇ.

ಒಂದು ದಿನ ಕಟ್ಟಡದ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಆ ಮರದ ಫೋಟೋ ಹಾಕಿ, ಗಿಡ ಗುರುತಿಸೋ ಒಂದು ಆ್ಯಪ್ ಕೊಟ್ಟ ಉತ್ತರವನ್ನೂ ಹಾಕಿದರು: ಹ್ಯಾಕ್‌ಬೆರಿ, ಸೆಲ್ಟಿಸ್ ಆಕ್ಸಿಡೆಂಟಾಲಿಸ್. ಇನ್ನೊಬ್ಬರು ಹುಡುಕಿ ನೋಡಿ, "ಇದರ ಕುಟುಂಬ ಕ್ಯಾನಬೇಸಿ, ಅಂದರೆ ಗಾಂಜಾ ಕುಟುಂಬ" ಅಂತ ಬರೆದರು. ಸಂಜೆ ಹೊತ್ತಿಗೆ ಅದು ಗ್ರೂಪಿನಲ್ಲಿ "ಗಾಂಜಾ ಮರ" ಆಗಿಬಿಟ್ಟಿತ್ತು. ಓನರ್ ಸಾರ್ ಒಳ್ಳೆಯವರೇ, ಆದರೆ ಪೊಲೀಸು ಅಂದರೆ ಹೆದರಿಕೆ. "ಮೀನುಗಾರಿಕೆ ನಿಷೇಧ ಶುರುವಾಗಲಿ, ಆಗ ಅಲ್ಲಿ ಯಾರೂ ಕೂರಲ್ಲ, ಕಡಿಸಿಬಿಡ್ತೀನಿ" ಅಂದರು. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರ ತನಕ 61 ದಿನ ದೊಡ್ಡ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ. ಅಂದರೆ ನಮಗೆ ಸಿಕ್ಕಿದ್ದು ಎರಡು ವಾರ. ನಾನು ಓನರ್ ಹತ್ತಿರ ಕೇಳಿಕೊಂಡೆ: "ಸಾರ್, ಮೊದಲು ಇದು ಏನು ಅಂತ ಸರಿಯಾಗಿ ನೋಡೋಣ. ಆಮೇಲೆ ನೀವು ಹೇಳಿದ ಹಾಗೆ."

ಆ್ಯಪ್ ವಿಷಯ ಮೊದಲು ಮುಗಿಸ್ತೀನಿ, ನಮ್ಮಲ್ಲಿ ಅರ್ಧ ಜನ ಅಂಥದ್ದನ್ನೇ ಕಟ್ಟೋರು. ಮಾಡೆಲ್ ಯಾವ ಊರಿನ ಫೋಟೋಗಳನ್ನ ಹೆಚ್ಚು ನೋಡಿರುತ್ತೋ ಆ ಊರಿನ ಮರದ ಕಡೆ ವಾಲುತ್ತೆ. ಸೆಲ್ಟಿಸ್ ಆಕ್ಸಿಡೆಂಟಾಲಿಸ್ ಉತ್ತರ ಅಮೆರಿಕದ ಮರ, ಅದರ ಫೋಟೋಗಳಿಗೆ ಬರ ಇಲ್ಲ. ಡಲ್ಲಾಸ್‌ನಲ್ಲಿ ಇರೋರು ಮನೆ ಬೇಲಿ ಸಾಲಿನಲ್ಲಿ ತಾನಾಗೇ ಹುಟ್ಟೋ ಹ್ಯಾಕ್‌ಬೆರಿಗಳನ್ನ ದಿನಾ ನೋಡ್ತಿರ್ತೀರಿ. ಅದು ಬಂಗಾಳ ಕೊಲ್ಲಿಯ ಉಪ್ಪು ಗಾಳಿಗೆ, ಐಸ್ ಗೋಡೌನಿನ ಸಂದಿಗೆ ಯಾಕೆ ಬರುತ್ತೆ? ಆ್ಯಪ್ ಪೂರ್ತಿ ದಾರಿ ತಪ್ಪಿರಲಿಲ್ಲ. ಸರಿಯಾದ ಬೀದಿಗೆ ಕರ್ಕೊಂಡು ಬಂದು ಬೇರೆ ಮನೆ ಬಾಗಿಲು ತೋರಿಸಿತ್ತು. ಮನೆ ನಂಬರ್ ಹುಡುಕೋ ಕೆಲಸ ನಮ್ಮದು.

ಅದಕ್ಕೆ ಹಳೇ ವಿಧಾನ ಇದೆ. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಅದನ್ನ ಕೀಲಿ ಅಂತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂದು ಉದ್ದದ ಇಫ್-ಎಲ್ಸ್. ಬನ್ನಿ, ಒಂದೊಂದಾಗಿ ನೋಡೋಣ.

ಮೊದಲ ಪ್ರಶ್ನೆ: ಎಲೆ ಮುರಿದರೆ ಹಾಲು ಬರುತ್ತಾ? ಬಂದರೆ ಆಲ, ಅತ್ತಿ, ಹಲಸಿನ ಕುಟುಂಬದ ಕಡೆ ಹೋಗಬೇಕು. ನಮ್ಮ ಕಡೆ ಮಿಟ್ಲಿ ಅನ್ನೋ ಒರಟು ಎಲೆಯ ಸಣ್ಣ ಮರ ಇದೆಯಲ್ಲ, ಅದೂ ಆ ಕುಟುಂಬದ್ದೇ. ಇಲ್ಲಿ ಹಾಲು ಬರಲಿಲ್ಲ.

ಎರಡನೇದು: ಮುಳ್ಳು ಇದೆಯಾ? ಬೋರೆ ಗಿಡದ ಎಲೆಗೂ ಬುಡದಿಂದ ಮೂರು ನರ ಹೊರಡುತ್ತೆ, ಎಲೆ ಕೆಳಗೆ ಬೆಳ್ಳಗಿರುತ್ತೆ. ದೂರದಿಂದ ಮೋಸ ಹೋಗೋದು ಸುಲಭ. ಆದರೆ ಬೋರೆಗೆ ಮುಳ್ಳಿರುತ್ತೆ. ನಮ್ಮ ಮರದಲ್ಲಿ ಇಲ್ಲ.

ಮೂರನೇದು ಎಲೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಕೊಂಬೆಯ ಮೇಲೆ ಎಲೆಗಳು ಎದುರುಬದುರಾಗಿ ಇಲ್ಲ, ಒಂದು ಎಡಕ್ಕೆ, ಒಂದು ಬಲಕ್ಕೆ, ಹೀಗೆ ಎರಡು ಸಾಲು. ಒಂದು ಎಲೆ ಕಿತ್ತು ಬುಡ ನೋಡಿ. ನಟ್ಟನಡುವಿನ ನರದ ಎರಡೂ ಪಕ್ಕ ಸಮ ಇಲ್ಲ, ಬುಡ ಸೊಟ್ಟ. ಅದೇ ಬುಡದಿಂದ ಮೂರು ದಪ್ಪ ನರಗಳು ಹೊರಡ್ತವೆ. ಅಂಚಿನಲ್ಲಿ ಗರಗಸದ ಹಾಗೆ ಸಣ್ಣ ಹಲ್ಲು, ಬುಡದ ಹತ್ತಿರದಿಂದ ತುದಿಯವರೆಗೂ. ತುದಿ ಉದ್ದಕ್ಕೆ ಎಳೆದ ಹಾಗೆ ಚೂಪು. ಮೇಲ್ಮೈ ಸವರಿದರೆ ಒರಟು. ತಿರುಗಿಸಿ ನೋಡಿದರೆ ಕೆಳಗೆ ಬೆಳ್ಳಿ ಬಣ್ಣದ ನವಿರು ಕೂದಲು. ಗಾಳಿ ಬಂದಾಗ ಇಡೀ ಮರ ಒಂದು ಕ್ಷಣ ಬೆಳ್ಳಗೆ ಕಾಣೋದು ಅದಕ್ಕೇ.

ಸೊಟ್ಟ ಬುಡ, ಮೂರು ನರ. ಈ ಎರಡೂ ಒಟ್ಟಿಗೆ ಸಿಕ್ಕರೆ ಹ್ಯಾಕ್‌ಬೆರಿ ಬಳಗದ ಅನುಮಾನ ಬರಬೇಕು. ಅನುಮಾನ ಅಷ್ಟೇ. ಯಾಕಂದರೆ ಬೆಂಗಳೂರಿನಲ್ಲಿ ಬೆಳೆದವರಿಗೆಲ್ಲ ಗೊತ್ತಿರೋ ಒಂದು ಮರಕ್ಕೂ ಸೊಟ್ಟ ಬುಡ ಇದೆ. ಗಸಗಸೆ ಹಣ್ಣಿನ ಮರ. ಸ್ಕೂಲಿನ ಕಾಂಪೌಂಡ್ ಹತ್ತಿ ಕೆಂಪು ಹಣ್ಣು ಕಿತ್ತು ತಿಂದಿದ್ದೀವಲ್ಲ, ಅದೇ. ಅದರ ಹೆಸರು ಮುಂಟಿಂಜಿಯಾ ಕಲಾಬುರಾ, ಅಮೆರಿಕ ಖಂಡದ ಉಷ್ಣವಲಯದಿಂದ ಬಂದದ್ದು, ಚೆನ್ನೈನಲ್ಲೂ ಬೀದಿ ಬೀದಿಗೆ ಇದೆ. ಗ್ರೂಪಿನಲ್ಲಿ ಇಬ್ಬರು ಅದನ್ನೇ ಹೇಳಿದ್ದರು. ಅದರ ಎಲೆ ಮೆತ್ತಗೆ, ಸ್ವಲ್ಪ ಅಂಟಂಟು. ಹೂವು ಬಿಳಿ, ಐದು ಎಸಳು, ಎದ್ದು ಕಾಣುತ್ತೆ. ಹಣ್ಣು ಒಡೆದರೆ ಒಳಗೆ ಸಾವಿರಾರು ಬೀಜ. ಗಸಗಸೆ ಅನ್ನೋ ಹೆಸರು ಬಂದಿದ್ದೇ ಅದರಿಂದ.

ಹಾಗಾಗಿ ನಾಲ್ಕನೇ ಪ್ರಶ್ನೆ ಹಣ್ಣಿನದು. ನಮ್ಮ ಮರದಲ್ಲಿ ಆಗ ಹಣ್ಣು ಕೈಗೆ ಸಿಗೋ ಎತ್ತರದಲ್ಲಿ ಇರಲಿಲ್ಲ. ಅಲ್ಲಿ ಕೂರೋ ಒಬ್ಬರನ್ನ ಕೇಳಿದೆ, "ಅಕ್ಕಾ, ಇದರ ಹಣ್ಣು ನೋಡಿದೀರಾ?" ಕೈಯಲ್ಲಿದ್ದ ವಂಜಿರ ಮೀನು ಬಿಡದೇ ಹೇಳಿದರು: "ನೋಡದೇ ಏನು ತಂಬಿ, ದಿನಾ ತಲೆ ಮೇಲೆ ಬೀಳುತ್ತೆ. ಮೆಣಸಿನ ಕಾಳಿಗಿಂತ ಸಣ್ಣದು. ಮೊದಲು ಹಸಿರು, ಆಮೇಲೆ ಕಪ್ಪು. ಹಕ್ಕಿ ಬಂದು ತಿನ್ನುತ್ತೆ. ಮೂರು ವರ್ಷದ ಹಿಂದೆ ಈ ಮರಾನೇ ಇರಲಿಲ್ಲ, ಯಾವುದೋ ಹಕ್ಕಿ ಹಾಕಿಹೋಗಿದ್ದು." ಆಮೇಲೆ ಅವರ ಮಗನೇ ಒಂದು ಕೊಂಬೆ ಬಗ್ಗಿಸಿ ಕೊಟ್ಟ. ಬಣ್ಣ, ಅಳತೆ, ಬೀಜ ಸಾಗಿಸೋದು ಯಾರು, ಬೆಳೆಯೋ ವೇಗ ಎಷ್ಟು: ನಾಲ್ಕು ಮುಖ್ಯವಾದ ಸಂಗತಿಗಳು ಅವರ ನಾಲ್ಕು ಮಾತಿನಲ್ಲಿದ್ದವು. ಯಾವ ಫೋಟೋದಲ್ಲೂ ಇವು ಇರಲಿಲ್ಲ.

ಹಣ್ಣು ಹಿಸುಕಿದರೆ ಒಳಗೆ ಒಂದೇ ಒಂದು ಗಟ್ಟಿ ಗೊರಟು. ಅಲ್ಲಿಗೆ ಗಸಗಸೆ ಹಣ್ಣು ಹೊರಗೆ ಹೋಯ್ತು. ರೆಕ್ಕೆ ಇಲ್ಲ, ಹಾಗಾಗಿ ತಪಸಿ ಮರವೂ ಹೊರಗೆ. ತಪಸಿಯನ್ನ ತಮಿಳಿನಲ್ಲಿ ಆಯಾ ಅಂತಾರೆ. ಅದರ ಬೀಜದ ಸುತ್ತ ಹಪ್ಪಳದ ಹಾಗೆ ತೆಳು ರೆಕ್ಕೆ ಇರುತ್ತೆ, ಗಾಳಿಗೆ ಹಾರುತ್ತೆ. ಕೋರಮಂಡಲ ತೀರದ ಗಿಡಗಳ ಬಗ್ಗೆ ಬರೆದ ವಿಲಿಯಂ ರಾಕ್ಸ್‌ಬರ್ಗ್ ಅದನ್ನ ಎಲ್ಮ್ ಮರಗಳ ಕುಲಕ್ಕೆ ಸೇರಿಸಿದ್ದ. 1848ರಲ್ಲಿ ಪ್ಲಾಂಶೋನ್ ಅದಕ್ಕೆ ಹೋಲೋಪ್ಟೆಲಿಯಾ ಅಂತ ಬೇರೆ ಕುಲ ಮಾಡಿದ.

ಕೊನೇ ತಿರುವು: ಇದು ನಿಜವಾದ ಹ್ಯಾಕ್‌ಬೆರಿ, ಅಂದರೆ ಸೆಲ್ಟಿಸ್ ಕುಲವೋ, ಅದರ ಪಕ್ಕದ ಟ್ರೆಮಾ ಕುಲವೋ? ದಕ್ಷಿಣ ಭಾರತದಲ್ಲಿ ಸೆಲ್ಟಿಸ್‌ಗಳೂ ಇವೆ. ಪಶ್ಚಿಮ ಘಟ್ಟದಲ್ಲಿ ಸೆಲ್ಟಿಸ್ ಟೆಟ್ರಾಂಡ್ರಾ, ಮರ ಕಡಿದರೆ ಕೆಟ್ಟ ವಾಸನೆ ಬರೋ ಸೆಲ್ಟಿಸ್ ಟಿಮೊರೆನ್ಸಿಸ್, ಎಲೆ ಚರ್ಮದ ಹಾಗೆ ದಪ್ಪಗಿರೋ ಸೆಲ್ಟಿಸ್ ಫಿಲಿಪೆನ್ಸಿಸ್. ಈ ಕೊನೆಯದರ ಒಂದು ಬಗೆಗೆ ಮದ್ರಾಸಿನಲ್ಲಿ ಕೆಲಸ ಮಾಡಿದ ವೈದ್ಯ, ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್‌ನ ಹೆಸರಿದೆ. ಸೆಲ್ಟಿಸ್‌ನ ಹಣ್ಣು ಸಾಮಾನ್ಯವಾಗಿ ಸ್ವಲ್ಪ ದೊಡ್ಡದು, ತೊಟ್ಟು ಉದ್ದ, ಹೂವಿನ ಹಸಿರು ಬಟ್ಟಲು ಹಣ್ಣಾಗೋ ಹೊತ್ತಿಗೆ ಉದುರಿಹೋಗಿರುತ್ತೆ. ಟ್ರೆಮಾದಲ್ಲಿ ಹಣ್ಣು ತೀರಾ ಸಣ್ಣದು, ಎಲೆಯ ಕಂಕುಳಲ್ಲಿ ಗೊಂಚಲು ಗೊಂಚಲು, ಮತ್ತು ಆ ಹಸಿರು ಬಟ್ಟಲು ಹಣ್ಣಿನ ಬುಡಕ್ಕೆ ಹಾಗೇ ಅಂಟಿಕೊಂಡಿರುತ್ತೆ. ಭೂತಗನ್ನಡಿ ಇಟ್ಟು ನೋಡಿದರೆ ನಮ್ಮ ಹಣ್ಣಿನ ಬುಡದಲ್ಲಿ ಬಟ್ಟಲು ಇತ್ತು.

ಹಾಗಾದರೆ ಮರದ ಹೆಸರು ಟ್ರೆಮಾ ಓರಿಯೆಂಟಾಲೆ. ಆಫ್ರಿಕಾದಿಂದ ಭಾರತ, ಆಗ್ನೇಯ ಏಷ್ಯಾ ದಾಟಿ ಆಸ್ಟ್ರೇಲಿಯಾವರೆಗೆ ತಾನಾಗೇ ಬೆಳೆಯೋ ಮರ. ಇಲ್ಲಿನದೇ, ಯಾರೂ ತಂದು ಹಾಕಿದ್ದಲ್ಲ. ಕೇರಳದಲ್ಲಿ 17ನೇ ಶತಮಾನದಲ್ಲೇ ಹೋರ್ತುಸ್ ಮಲಬಾರಿಕುಸ್ ಗ್ರಂಥದಲ್ಲಿ ಮಲ್ಲಂ ತೊಡ್ಡಲಿ ಅನ್ನೋ ಹೆಸರಲ್ಲಿ ಇದರ ಚಿತ್ರ ಬಂದಿದೆ.

ಈಗ ಹೆಸರಿನ ಕಥೆ. 1753ರಲ್ಲಿ ಲಿನೇಯಸ್ ತನ್ನ ಸ್ಪೀಶೀಸ್ ಪ್ಲಾಂಟಾರಂ ಪುಸ್ತಕದಲ್ಲಿ ಹ್ಯಾಕ್‌ಬೆರಿಗಳಿಗೆ ದಿಕ್ಕಿನ ಮೇಲೆ ಹೆಸರಿಟ್ಟ. ಆಸ್ಟ್ರಾಲಿಸ್, ದಕ್ಷಿಣದ್ದು. ಆಕ್ಸಿಡೆಂಟಾಲಿಸ್, ಪಶ್ಚಿಮದ್ದು. ಓರಿಯೆಂಟಾಲಿಸ್, ಪೂರ್ವದ್ದು. ನಮ್ಮ ಮರ ಆ ಪೂರ್ವದ್ದು. ಆ್ಯಪ್ ಹೇಳಿದ್ದು ಪಶ್ಚಿಮದ್ದು. ಅದಕ್ಕೇ ಹೇಳಿದ್ದು, ಬೀದಿ ಸರಿ, ಬಾಗಿಲು ಬೇರೆ ಅಂತ.

ಹಾಗೆ ಮೊದಲು ಅದು ಸೆಲ್ಟಿಸ್ ಓರಿಯೆಂಟಾಲಿಸ್ ಆಗಿತ್ತು. 1856ರಲ್ಲಿ ಬ್ಲೂಮೆ ಅದನ್ನ ಟ್ರೆಮಾ ಕುಲಕ್ಕೆ ವರ್ಗ ಮಾಡಿದ. ಟ್ರೆಮಾ ಅಂದರೆ ಗ್ರೀಕಿನಲ್ಲಿ ತೂತು. ಗೊರಟಿನ ಮೇಲೆ ಸಣ್ಣ ಸಣ್ಣ ಗುಳಿಗಳಿವೆ. ಬಹಳ ಪುಸ್ತಕಗಳಲ್ಲಿ ಟ್ರೆಮಾ ಓರಿಯೆಂಟಾಲಿಸ್ ಅಂತ ಇರುತ್ತೆ, ಈಗ ಓರಿಯೆಂಟಾಲೆ ಅಂತ ಬರೀತಾರೆ. ಇದು ನಮಗೆ ಅರ್ಥ ಆಗೋ ವ್ಯಾಕರಣ. ಅವನು ಬಂದನು, ಅದು ಬಂದಿತು ಅನ್ನಲ್ವಾ? ಟ್ರೆಮಾ ನಪುಂಸಕಲಿಂಗದ ಪದ, ವಿಶೇಷಣವೂ ಅದಕ್ಕೆ ತಕ್ಕ ಹಾಗೆ ಬದಲಾಗಬೇಕು. ಮರ ಅದೇ.

ಇನ್ನು ಗ್ರೂಪಿನಲ್ಲಿ ಗಲಾಟೆ ಎಬ್ಬಿಸಿದ ಕುಟುಂಬದ ವಿಷಯ. ಜೋಸೆಫ್ ಹೂಕರ್‌ನ ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾದ ಐದನೇ ಸಂಪುಟದಲ್ಲಿ ಆಲ, ಹಲಸು, ಎಲ್ಮ್, ಹ್ಯಾಕ್‌ಬೆರಿ, ಗಾಂಜಾ ಎಲ್ಲ ಒಂದೇ ದೊಡ್ಡ ಅವಿಭಕ್ತ ಕುಟುಂಬ, ಅರ್ಟಿಕೇಸಿ. ಆಮೇಲೆ ಪಾಲಾಯ್ತು. ಹ್ಯಾಕ್‌ಬೆರಿ, ಟ್ರೆಮಾ, ತಪಸಿ ಇವುಗಳನ್ನ ಎಲ್ಮ್ ಜೊತೆ ಅಲ್ಮೇಸಿ ಕುಟುಂಬದಲ್ಲಿ ಇಟ್ಟರು. ಕೆಲವರು ಹ್ಯಾಕ್‌ಬೆರಿಗಳಿಗೆ ಸೆಲ್ಟಿಡೇಸಿ ಅಂತ ಬೇರೆ ಮನೆಯನ್ನೇ ಮಾಡಿದರು. ಹೂವು, ಹಣ್ಣು ನೋಡಿ ಪಾಲು ಮಾಡಿದ್ದು. ಡಿಎನ್‌ಎ ಓದೋಕೆ ಬಂದ ಮೇಲೆ ಬೇರೆ ವಿಷಯ ಗೊತ್ತಾಯ್ತು: ಹ್ಯಾಕ್‌ಬೆರಿಗಳು ಎಲ್ಮ್‌ಗಿಂತ ಗಾಂಜಾ ಗಿಡಕ್ಕೇ ಹತ್ತಿರ. 2003ರ ಎಪಿಜಿ ವರ್ಗೀಕರಣದಲ್ಲಿ ಅವುಗಳನ್ನ ಕ್ಯಾನಬೇಸಿಗೆ ಸೇರಿಸಿದರು. ತಪಸಿ ಎಲ್ಮ್ ಜೊತೆಗೇ ಉಳಿಯಿತು. ಈಗ ಕ್ಯಾನಬೇಸಿಯಲ್ಲಿ ಸುಮಾರು ಹತ್ತು ಕುಲಗಳಿವೆ. ಬಿಯರ್‌ಗೆ ಕಹಿ ಕೊಡೋ ಹಾಪ್ಸ್ ಕೂಡ ಇದೇ ಕುಟುಂಬದ್ದು.

ಅಂದರೆ ಗ್ರೂಪಿನಲ್ಲಿ ಬರೆದವರು ಹೇಳಿದ್ದು ಸುಳ್ಳಲ್ಲ, ಮರ ನಿಜವಾಗ್ಲೂ ಗಾಂಜಾ ಕುಟುಂಬದ್ದೇ. ತಪ್ಪಾಗಿದ್ದು ಆ ಮಾತಿನಿಂದ ಎಳೆದ ತೀರ್ಮಾನ. ಸಸ್ಯಗಳಲ್ಲಿ ಕುಟುಂಬ ಅನ್ನೋದು ಬಹಳ ಹಳೇ ಪೂರ್ವಜರನ್ನ ತೋರಿಸುತ್ತೆ, ಸ್ವಭಾವವನ್ನಲ್ಲ. ಆಲೂಗಡ್ಡೆ, ಟೊಮೆಟೊ, ಹೊಗೆಸೊಪ್ಪು, ದತ್ತೂರಿ ನಾಲ್ಕೂ ಒಂದೇ ಕುಟುಂಬ. ಹಾಗಂತ ಯಾರೂ ಟೊಮೆಟೊ ಸಾರು ಬಿಟ್ಟಿಲ್ಲ. ಕಾನೂನೂ ಇದನ್ನ ಸ್ಪಷ್ಟವಾಗಿ ಬರೆದಿದೆ. 1985ರ ಮಾದಕ ವಸ್ತು ಕಾಯ್ದೆ ಗಾಂಜಾ ಗಿಡ ಅಂದರೆ ಕ್ಯಾನಬಿಸ್ ಕುಲದ ಗಿಡ ಅನ್ನುತ್ತೆ. ಕುಲ, ಕುಟುಂಬ ಅಲ್ಲ. ಒಂದು ಪದದ ವ್ಯತ್ಯಾಸ, ಆದರೆ ಓನರ್ ಸಾರ್‌ಗೆ ರಾತ್ರಿ ನಿದ್ದೆ ಬರೋಕೆ ಆ ಒಂದು ಪದ ಸಾಕಾಯ್ತು. ಕಾಯ್ದೆಯ ಆ ಸಾಲನ್ನ ಫೋನಿನಲ್ಲೇ ತೋರಿಸಿದೆ. ಎರಡು ಸಲ ಓದಿ, "ಸರಿ, ಗೋಡೆ ಮೇಲೆ ಬಿದ್ದಿರೋ ಕೊಂಬೆ ಮಾತ್ರ ತೆಗೆಸ್ತೀನಿ" ಅಂದರು. ನಿಷೇಧದ ದಿನಗಳು ಮುಗಿದು ಹರಾಜು ಮತ್ತೆ ಶುರುವಾದಾಗ ಕೂರೋರಿಗೆ ನೆರಳು ಇತ್ತು.

ಯಾರಾದರೂ ಕೇಳಬಹುದು: ಟ್ರೆಮಾದಲ್ಲಿ ಗಾಂಜಾದ ಯಾವ ಅಂಶವೂ ಇರಲ್ವಾ ಅಂತ. ದಕ್ಷಿಣ ಅಮೆರಿಕದ ಟ್ರೆಮಾ ಮೈಕ್ರಾಂತಾ ಅನ್ನೋ ನೆಂಟನಲ್ಲಿ ಸಿಬಿಡಿ ಇದೆ, ಅಮಲೇರಿಸೋ ಟಿಎಚ್‌ಸಿ ಇಲ್ಲ ಅಂತ 2023ರಲ್ಲಿ ರಿಯೊ ಡಿ ಜನೈರೊದ ಸಂಶೋಧಕರು ಹೇಳಿದ್ದು ಸುದ್ದಿಯಾಗಿತ್ತು. ಅದು ಬೇರೆ ಪ್ರಭೇದ, ಪ್ರಯೋಗಾಲಯದ ವಿಷಯ. ದಯವಿಟ್ಟು ಯಾರೂ ಎಲೆ ಕಿತ್ತು ಕಷಾಯ ಮಾಡಬೇಡಿ.

ನನಗೆ ಅದಕ್ಕಿಂತ ರುಚಿಯಾಗಿ ಕಂಡದ್ದು ಇನ್ನೊಂದು ಸಂಶೋಧನೆ. ಗಾಳಿಯ ಸಾರಜನಕವನ್ನ ಬೇರಿನ ಗಂಟಿನಲ್ಲಿರೋ ರೈಜೋಬಿಯಂ ಬ್ಯಾಕ್ಟೀರಿಯಾ ಮೂಲಕ ಗೊಬ್ಬರ ಮಾಡಿಕೊಳ್ಳೋ ವಿದ್ಯೆ ತೊಗರಿ, ಹುರುಳಿ, ಅವರೆಯಂಥ ದ್ವಿದಳ ಗಿಡಗಳದ್ದು ಅಂತ ಓದಿದ್ದೀವಿ. ದ್ವಿದಳ ಕುಟುಂಬದ ಹೊರಗೆ ಇದು ಬರೋದು ಒಂದೇ ಕುಲಕ್ಕೆ, ಪ್ಯಾರಾಸ್ಪೋನಿಯಾ. ಅದು ಟ್ರೆಮಾದ ತೀರಾ ಹತ್ತಿರದ ನೆಂಟ. 2018ರಲ್ಲಿ ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ ಎರಡರ ಜೀನೋಮನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಟ್ರೆಮಾ ಓರಿಯೆಂಟಾಲೆಯಲ್ಲಿ ಆ ವಿದ್ಯೆಗೆ ಬೇಕಾದ ಮುಖ್ಯ ಜೀನುಗಳು ಮುರಿದುಬಿದ್ದಿವೆ. ಅಂದರೆ ಪೂರ್ವಜರಿಗೆ ಬರುತ್ತಿದ್ದ ವಿದ್ಯೆ, ಇದು ಕಳೆದುಕೊಂಡಿದೆ. ಹಳೇ ಕೋಡ್‌ಬೇಸಿನಲ್ಲಿ ಯಾರೂ ಕರೆಯದ ಫಂಕ್ಷನ್ ಅರ್ಧ ಅಳಿಸಿಹೋಗಿ ಬಿದ್ದಿರುತ್ತಲ್ಲ, ಹಾಗೆ. ಐಸ್ ಗೋಡೌನ್ ಸಂದಿಯ ಮರ ಅಂತ ಬಿಟ್ಟಿದ್ದರೆ ಇದ್ಯಾವುದೂ ನಮಗೆ ತಿಳೀತಿರಲಿಲ್ಲ. ಸರಿಯಾದ ಹೆಸರು ಅಂದರೆ ವಿಳಾಸ. ಅದು ಸಿಕ್ಕ ಮೇಲೇ ಜಗತ್ತಿನಲ್ಲಿ ಆ ಮರದ ಬಗ್ಗೆ ಬರೆದದ್ದೆಲ್ಲ ಸಿಗುತ್ತೆ.

ಆ ವಿಳಾಸದಿಂದ ಸಿಕ್ಕ ಇನ್ನೊಂದು ಮಾತನ್ನೂ ಮುಚ್ಚಿಡದೇ ಹೇಳಬೇಕು. ಟ್ರೆಮಾ ಬೇಗ ಬೆಳೆದು ಬೇಗ ಮುಗಿಯೋ ಮರ. ಕಾಡು ಕಡಿದ ಜಾಗ, ಗುಡ್ಡ ಕುಸಿದ ಮಣ್ಣು, ಖಾಲಿ ಬಿದ್ದ ಸೈಟು, ಇಂಥ ಕಡೆ ಮೊದಲು ಬರೋದು ಇದು. ನೆರಳು ಮಾಡುತ್ತೆ, ಹಕ್ಕಿ ಕರೆಯುತ್ತೆ, ಆ ಹಕ್ಕಿಗಳು ತಂದ ಬೇರೆ ಬೀಜಗಳು ಅದರ ಅಡಿಯಲ್ಲಿ ಮೊಳೆಯುತ್ತವೆ. ನೂರು ವರ್ಷ ಇರೋ ಮರ ಬೇಕು ಅಂದರೆ ಇದಲ್ಲ. 2016ರ ಡಿಸೆಂಬರ್ 12ಕ್ಕೆ ವರ್ದಾ ಚಂಡಮಾರುತ ಬಂದು ಚೆನ್ನೈನಲ್ಲಿ ಸಾವಿರಾರು ಮರ ಉರುಳಿಸಿದ ಮೇಲೆ ನಮ್ಮ ಕಂಪನಿಗಳೆಲ್ಲ ಶನಿವಾರ ಟೀಶರ್ಟ್ ಹಾಕಿಕೊಂಡು ಗಿಡ ನೆಡೋಕೆ ಹೊರಟಿದ್ದವು. ದೇಶಿ ಗಿಡವೇ ಬೇಕು ಅಂತ ನರ್ಸರಿಯಲ್ಲಿ ಕೇಳ್ತೀವಿ. ಕೇಳೋದು ಒಳ್ಳೇದೇ. ಅದರ ಜೊತೆಗೆ ಆ ಜಾಗದಲ್ಲಿ ಈಗಾಗಲೇ ತಾನಾಗೇ ಬಂದು ನಿಂತಿರೋದು ಏನು ಅಂತ ಒಂದು ಸಲ ನೋಡಬೇಕು. ಎಷ್ಟೋ ಸಲ ಹೊಸ ಗಿಡಕ್ಕೆ ಗುಂಡಿ ತೋಡೋಕೆ ಅಂತ ಕಳೆ ಎಂದು ಕಿತ್ತು ಎಸೆಯೋದು ಇಂಥ ದೇಶಿ ಮರವನ್ನೇ.

ಈಗ ನಿಮ್ಮ ಕೈಯಲ್ಲಿರೋ ಎಲೆಗೆ ಬನ್ನಿ. ಹಾಲು ಇದೆಯಾ, ಮುಳ್ಳು ಇದೆಯಾ, ಬುಡ ಸಮವೋ ಸೊಟ್ಟವೋ, ಬುಡದಿಂದ ನರ ಎಷ್ಟು, ಅಂಚು ಹೇಗಿದೆ. ಈ ಐದಕ್ಕೆ ಉತ್ತರ ಬರೆದುಕೊಳ್ಳಿ. ಹಣ್ಣೋ ಹೂವೋ ಇದ್ದರೆ ಅದರ ಸಮೇತ ಒಂದು ಪುಟ್ಟ ಕೊಂಬೆಯನ್ನ ಹಳೇ ಪೇಪರಿನ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ, ದಿನಾ ಪೇಪರ್ ಬದಲಾಯಿಸಿ, ವಾರದಲ್ಲಿ ಒಣಗುತ್ತೆ. ಪಕ್ಕದಲ್ಲಿ ಒಂದು ಚೀಟಿ: ತಾರೀಕು, ಜಾಗ, ಮರದ ಎತ್ತರ, ಹಣ್ಣಿನ ಬಣ್ಣ, ಸ್ಥಳೀಯರು ಏನಂತಾರೆ. ಒಣಗಿದ ಮೇಲೆ ಬಣ್ಣ ಹೋಗುತ್ತೆ, ಚೀಟಿ ಉಳಿಯುತ್ತೆ. ಕೊಯಮತ್ತೂರಿನಲ್ಲಿರೋ ಮದ್ರಾಸ್ ಹರ್ಬೇರಿಯಂ ಆಗಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ ಆಗಲಿ, ಅಲ್ಲಿ ಇರೋದು ಇಂಥ ಒಣಗಿದ ಕೊಂಬೆಗಳು, ಇಂಥ ಚೀಟಿಗಳೇ. ಸೆಸಿಲ್ ಸಲ್ದಾನಾ ಅವರು ಡಾನ್ ನಿಕೋಲ್ಸನ್ ಜೊತೆ 1976ರಲ್ಲಿ ತಂದ ಹಾಸನ ಜಿಲ್ಲೆಯ ಸಸ್ಯಗಳ ಪುಸ್ತಕದ ಹಿಂದೆ ಇರೋದೂ ಅದೇ ದುಡಿಮೆ.

ಮುಂದಿನ ಸಲ ಊರಿಗೆ ಹೋಗುವಾಗ, ಸಕಲೇಶಪುರ ದಾಟಿದ ಮೇಲೆ ರಸ್ತೆಗೆ ಅಂತ ಗುಡ್ಡ ಕಡಿದ ಜಾಗಗಳನ್ನ ನೋಡಿ. ಗಾಳಿಗೆ ಬೆಳ್ಳಗೆ ಹೊಳೆಯೋ ಎಲೆಯ ಸಣ್ಣ ಮರ ಕಂಡರೆ ಗಾಡಿ ಪಕ್ಕಕ್ಕೆ ಹಾಕಿ, ಒಂದು ಎಲೆ ತಿರುಗಿಸಿ ಬುಡ ನೋಡಿ. ಅಷ್ಟು ಸಾಕು.